ಹದಿನಾಲ್ಕು ಹೊರೆ

ಎಡ್ಮಂಡ್ ಸಲ್ದಾನರಿಗೆ ಬಾಸ್ತ್ಯಾಂವ್ ಸಿಕ್ಕಿದ್ದು ಒಬ್ಬ ಗುಮಾಸ್ತನ ತಪ್ಪಿನಿಂದ.

ನೈರೋಬಿಯ ಸರ್ವೆ ಕಛೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದು ನಿವೃತ್ತರಾದ ವರ್ಷ, ಅಂದರೆ 2010ರಲ್ಲಿ, ಅವರು ಹೆಂಡತಿ ರೋಸ್ ಜೊತೆ ಒಂದು ಮದುವೆಗೆಂದು ಗೋವಾಕ್ಕೆ ಹೋಗಿದ್ದರು. ಮದುವೆಗಿನ್ನೂ ನಾಲ್ಕು ದಿನವಿತ್ತು. ಸುಮ್ಮನೆ ಕೂರುವ ಜಾಯಮಾನ ಎಡ್ಮಂಡರದಲ್ಲ. ಗಂಗೊಳ್ಳಿಯ ತಮ್ಮ ಮನೆತನದ ಹಿರಿಯರ ಹೆಸರು ಎಲ್ಲಾದರೂ ಕಂಡೀತೇ ಎಂದು ಇಗರ್ಜಿಯ ಹಳೇ ದಾಖಲೆಗಳನ್ನಿಟ್ಟಿದ್ದ ಕಡೆ ಹೋಗಿ ಚೀಟಿ ಬರೆದುಕೊಟ್ಟರು. ಗುಮಾಸ್ತ ಬೇರೆಯದೇ ಕಟ್ಟು ತಂದಿಟ್ಟು ಊಟಕ್ಕೆ ಎದ್ದುಹೋದ. ಎಡ್ಮಂಡರಿಗೆ ಪೋರ್ತುಗೀಸ್ ಬಾರದು. ಆದರೆ ಮೊದಲ ಹಾಳೆಯ ಅಂಚಿನಲ್ಲಿದ್ದ ಶಾಯಿಯ ಗೆರೆಗಳನ್ನು ಕಂಡದ್ದೇ ಅವರ ಮೈ ಜುಮ್ಮೆಂದಿತು. ಅದು ಮೊಂಬಾಸಾ ಬಂದರು. ನಡುವೆ ದ್ವೀಪ, ಎರಡೂ ಬದಿಗೆ ಒಳಸರಿದ ಕಡಲು, ಹವಳದ ದಿಬ್ಬಗಳ ಸಂದಿನಲ್ಲಿ ಹಡಗು ನುಗ್ಗುವ ದಾರಿ. ಕಛೇರಿಯಲ್ಲಿ ನೂರು ಸಲ ಅವರೇ ಎಳೆದಿದ್ದ ಗೆರೆ. ಕೆಳಗೆ 1610 ಎಂಬ ಇಸವಿ. ಬಸ್ರೂರಿನ ಬಾಸ್ತ್ಯಾಂವ್ ಎಂದು ಓದಬಹುದಾದ ರುಜು. ಬಸ್ರೂರೆಂದರೆ ಗಂಗೊಳ್ಳಿಯ ಹೊಳೆಯಲ್ಲಿ ದೋಣಿಯೇರಿ ಒಂದು ತಾಸು ಹೋದರೆ ಸಿಗುವ ಊರು.

ಐವತ್ತೊಂದು ಹಾಳೆಗಳ ಚಿತ್ರ ತೆಗೆಸಿಕೊಂಡು ನೈರೋಬಿಗೆ ಮರಳಿದರು. ಓದಿ ಹೇಳುವವರು ಮನೆಯ ಹತ್ತಿರವೇ ಇದ್ದರು. ಸೌತ್ ಸಿ ಬಡಾವಣೆಯಲ್ಲಿ ಅವರ ಮನೆಯಿಂದ ಎರಡು ಗೇಟು ಆಚೆ ಓಲಿಂಡಾ ಬಾಯಿ ಒಬ್ಬರೇ ವಾಸವಿದ್ದರು. ಮಡಗಾಂವಿನಲ್ಲಿ ಪೋರ್ತುಗೀಸರ ಕಾಲದಲ್ಲಿ ಶಾಲೆ ಕಲಿತವರು, ಮೊಂಬಾಸಾದ ಒಂದು ಹಡಗು ಏಜೆಂಟರ ಕಛೇರಿಯಲ್ಲಿ ಟೈಪಿಸ್ಟ್ ಆಗಿದ್ದವರು, ಆಗಲೇ ಎಂಬತ್ತರ ಹತ್ತಿರ. ಪ್ರತಿ ಗುರುವಾರ ಹತ್ತು ಗಂಟೆಗೆ ಎಡ್ಮಂಡ್ ಅವರ ಊಟದ ಮೇಜಿನ ಮುಂದೆ ಕೂರುವರು. ಬಾಯಿ ಭೂತಗನ್ನಡಿ ಹಿಡಿದು ಓದಿ ಕೊಂಕಣಿಯಲ್ಲಿ ಹೇಳುವರು. ಎಡ್ಮಂಡ್ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವರು. ಶಾಲೆಯಲ್ಲಿ ಕಲಿತ ಕನ್ನಡವೇ ಅವರ ಕೈಗೆ ಸಲೀಸು. ಒಂದು ದಿನಕ್ಕೆ ಅರ್ಧ ಹಾಳೆ ಸಾಗಿದರೆ ಹೆಚ್ಚು.

ಹೀಗೆ ಮೂರು ವರ್ಷಗಳಲ್ಲಿ ಒಬ್ಬ ಮನುಷ್ಯ ಸ್ವಲ್ಪಸ್ವಲ್ಪವಾಗಿ ಎದುರಿಗೆ ಬಂದು ನಿಂತ. ಬಾಸ್ತ್ಯಾಂವನ ತಂದೆತಾಯಿ ಜ್ವರದಲ್ಲಿ ಸತ್ತಾಗ ಅವನಿಗೆ ಆರು ವರ್ಷ. ಪಾದ್ರಿಗಳು ಸಾಕಿದರು. ಗೋವಾದ ಆಸ್ಪತ್ರೆಯೊಂದರಲ್ಲಿ ಮದ್ದು ಅರೆಯುತ್ತ ಓದು ಬರಹ ಕಲಿತ. ಹಡಗಿನ ಮದ್ದುಗಾರನಾಗಿ ಮೊಂಬಾಸಾಕ್ಕೆ ಬಂದವನು ಅಲ್ಲೇ ಉಳಿದ. ಕೋಟೆಯ ಕೆಳಗೆ ಕಲ್ಲಿಗೆ ಗುರುತು ಕೊರೆದು ಮೂರು ವರ್ಷ ಭರತ ಇಳಿತಗಳನ್ನು ಅಳೆದ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ವಾಲುತ್ತದೆಂದು ಬರೆದಿಟ್ಟ. ಅವನ ಭರತದ ಪಟ್ಟಿಯನ್ನು ಕಪ್ತಾನರು ನಕಲು ಮಾಡಿಕೊಂಡರು, ಅವನ ಹೆಸರನ್ನು ಮಾತ್ರ ಬಿಟ್ಟರು. ಕರಿಯ ಮದ್ದುಗಾರನ ಹೆಸರು ಯಾರಿಗೆ ಬೇಕಿತ್ತು? ಎರಡು ಸಲ ಒಳನಾಡಿಗೆ ನಡೆದುಹೋದ. ಅಲ್ಲಿಯವರೆಗೆ ಯಾವ ಪರದೇಶಿಯೂ ಹೋಗದಿದ್ದ ದಾರಿಯಲ್ಲಿ ಹಿತ್ತಾಳೆಯ ಬಳೆಯಂಥ ಸಾಧನ ಹಿಡಿದು ನಡುಹಗಲಿನ ಸೂರ್ಯನ ಎತ್ತರ ಅಳೆದ. ನಲವತ್ತು ತುಂಬುವ ಮೊದಲೇ ಜ್ವರ ಬಂದು ಸತ್ತನೆಂದು ಕೊನೆಯ ಹಾಳೆಯಲ್ಲಿ ಬೇರೆ ಯಾರದೋ ಕೈಬರಹದಲ್ಲಿತ್ತು.

ಎಡ್ಮಂಡರಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಮೂವತ್ತಮೂರನೆಯ ಹಾಳೆಯ ಒಂದು ಪಟ್ಟಿ. ತಾರು ಎಂಬ ನೀರಿಲ್ಲದ ಬಯಲನ್ನು ದಾಟಲು ಎಷ್ಟು ನೀರು ಬೇಕು ಎಂಬುದರ ಲೆಕ್ಕ ಅದು. ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ. ಪ್ರತಿಯೊಂದರ ಮುಂದೆ ನೀರಿನ ಅಳತೆ, ದಿನ, ಕೆಲವುಗಳ ಕೊನೆಗೆ ಶಿಲುಬೆಯ ಗುರುತು. ಪಟ್ಟಿಯ ತಲೆಯಲ್ಲಿ 'ಪೆಸ' ಎಂದಿತ್ತು. ಹಾಗೆಂದರೆ ಏನೆಂದು ಕೇಳಿದಾಗ ಓಲಿಂಡಾ ಬಾಯಿ ಭೂತಗನ್ನಡಿಯನ್ನು ಕೆಳಗಿಟ್ಟು, "ಹೊರೆ ಅಂತ ಬರೆದುಕೋ" ಎಂದಿದ್ದರು. ಹದಿನಾಲ್ಕು ಹೊರೆ, ನೀರಿನ ಹೊರೆ ಇರಬೇಕು, ಶಿಲುಬೆ ಬಿದ್ದದ್ದು ಖಾಲಿಯಾದ ಹೊರೆ. ಎಡ್ಮಂಡ್ ಹಾಗೆಂದುಕೊಂಡು ಆ ಪಟ್ಟಿಯನ್ನು ಗ್ರಾಫ್ ಕಾಗದದ ಮೇಲೆ ಬಣ್ಣದ ಶಾಯಿಯಲ್ಲಿ ಬರೆದು, ಚೌಕಟ್ಟು ಹಾಕಿಸಿ, ಬೈಠಕ್ ಖಾನೆಯ ಗೋಡೆಗೆ ತೂಗಿಸಿದರು. ನಾನೂರು ವರ್ಷಗಳ ಹಿಂದೆ ಒಬ್ಬ ಇಷ್ಟು ಶಿಸ್ತಾಗಿ ಅಳೆದಿದ್ದಾನೆಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

2012ರ ಆಗಸ್ಟಿನಲ್ಲಿ ಮೊಂಬಾಸಾ ಬಸ್ಸು ಹಿಡಿದು ತಾರುವಿನಲ್ಲಿ ಇಳಿದು, ಬಾಸ್ತ್ಯಾಂವ್ ಬರೆದಿದ್ದ ಒಂದು ಜಾಗವನ್ನು ಹುಡುಕಿದ್ದೂ ಉಂಟು. ಮುಳ್ಳುಪೊದೆಗಳ ನಡುವೆ ಮಲಗಿದ್ದ ಬಂಡೆ. ಅದರ ಆಳವಾದ ಕುಳಿಗಳಲ್ಲಿ ಹಿಂದಿನ ಮಳೆಯ ನೀರು ಇನ್ನೂ ನಿಂತಿತ್ತು. ಬಾಸ್ತ್ಯಾಂವ್ ಕೊಟ್ಟ ಅಕ್ಷಾಂಶಕ್ಕೂ ಇವರ ಕೈಯಲ್ಲಿದ್ದ ಜಿಪಿಎಸ್ಸಿಗೂ ಐದು ಮೈಲಿಯಷ್ಟೂ ವ್ಯತ್ಯಾಸವಿರಲಿಲ್ಲ. ಎಡ್ಮಂಡ್ ಆ ಬಂಡೆಯ ಮೇಲೆ ಕುಳಿತು ಸಣ್ಣ ಮಗುವಿನ ಹಾಗೆ ಅತ್ತರು. ತಮ್ಮ ಜೀವಮಾನದಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ ಎಂದು ಆಮೇಲೆ ರೋಸ್ ಹತ್ತಿರ ಹೇಳಿದರು. ಮಕ್ಕಳಿಲ್ಲದ ದಂಪತಿ; ರೋಸ್ ಅವರ ಧೂಳು ಹಿಡಿದ ಅಂಗಿಯನ್ನು ಒಗೆಯಲು ಎತ್ತಿಕೊಂಡು ಹೋದರು.

ಸುದ್ದಿ ಆಸ್ಟಿನ್ ಕಿವಿಗೆ ಬಿತ್ತು. ವೆಸ್ಟ್‌ಲ್ಯಾಂಡ್ಸಿನಲ್ಲಿ ವಿಮೆಯ ಆಫೀಸು ನಡೆಸುತ್ತಿದ್ದ ಆಸ್ಟಿನ್ ಆಗ ಕರಾವಳಿ ಕ್ರೈಸ್ತ ಬಾಂಧವರ ಸಂಘದ ಅಧ್ಯಕ್ಷರು. 2015ಕ್ಕೆ ಸಂಘದ ಸುವರ್ಣೋತ್ಸವ. ಅದಕ್ಕೆ ಬಾಸ್ತ್ಯಾಂವನ ಚರಿತ್ರೆಯನ್ನು ಪುಸ್ತಕವಾಗಿ ತರುವುದು, ಸಭಾಂಗಣಕ್ಕೆ ಅವನ ಹೆಸರಿಡುವುದು ಎಂದು ಅವರೇ ಓಡಾಡಿ ಎಲ್ಲರನ್ನೂ ಒಪ್ಪಿಸಿದರು. ಹಸ್ತಪ್ರತಿಯನ್ನು ಕಂಪ್ಯೂಟರಿಗೆ ಹಾಕಲು ಕನ್ನಡ ಬರುವವರು ಬೇಕಾಯಿತು. ನೈರೋಬಿಯದೇ ಕಿಲೆಲೆಶ್ವಾ ಬಡಾವಣೆಯಲ್ಲಿದ್ದ ಊರ್ಮಿಳಾ ಒಪ್ಪಿಕೊಂಡರು. ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿನಿಂದ ಬಂದಿದ್ದ ಆಕೆ ಶನಿವಾರಗಳಲ್ಲಿ ಕೂತು ಟೈಪ್ ಮಾಡುತ್ತಿದ್ದರು. ಟೈಪ್ ಮಾಡುತ್ತ ಓದುತ್ತಿದ್ದರು. ಓದುತ್ತ ಪ್ರಶ್ನೆ ಕೇಳುತ್ತಿದ್ದರು.

2014ರ ನವೆಂಬರಿನ ಒಂದು ಶನಿವಾರ ಆಕೆ ಫೋನು ಮಾಡಿ, ಪುಟದ ಅಂಚಿನಲ್ಲಿ ಮೂಲದ ಹಾಳೆ ನಂಬರ್ ಹಾಕಿದರೆ ಚೆನ್ನಾಗಿರುತ್ತೆ, ಆದರೆ ಒಂದು ಕಡೆ ಲೆಕ್ಕ ತಪ್ಪಿದೆ ಎಂದರು.

"ಅಂಕಲ್, ಮೂವತ್ತೊಂದು ಆದ್ಮೇಲೆ ಡೈರೆಕ್ಟ್ ಮೂವತ್ತಮೂರು ಇದೆ. ಮೂವತ್ತೆರಡು ನಿಮ್ಮ ನೋಟ್‌ಬುಕ್ಕಲ್ಲೇ ಇಲ್ಲ."

ಎಡ್ಮಂಡ್ ಕಡತ ತೆಗೆದು ನೋಡಿದರು. ಇರಲಿಲ್ಲ. ಮೂಲ ಚಿತ್ರಗಳ ಸಿಡಿ ಹುಡುಕಿ, ಪೇಟೆಗೆ ಹೋಗಿ, ಆ ಒಂದು ಹಾಳೆಯನ್ನು ಮತ್ತೆ ಪ್ರಿಂಟ್ ಹಾಕಿಸಿದರು. ಎರಡೂ ಬದಿ ಒತ್ತೊತ್ತಾಗಿ ತುಂಬಿದ ಬರಹ. ಒಂದು ಸಾಲನ್ನೂ ಹೊಡೆದುಹಾಕಿರಲಿಲ್ಲ. ಅದನ್ನು ಹಿಡಿದು ಗುರುವಾರಕ್ಕೂ ಕಾಯದೆ ಓಲಿಂಡಾ ಬಾಯಿಯ ಮನೆಗೆ ಹೋದರು.

ಬಾಯಿ ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎದ್ದುಹೋಗಿ ತಮ್ಮ ಪ್ರಾರ್ಥನಾ ಪುಸ್ತಕದ ಒಳಗಿನಿಂದ ಮಡಚಿದ ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಕಳೆದುಹೋಗಿದ್ದ ಮೂವತ್ತೆರಡು ಅದೇ.

"ನಿನ್ನ ಮುಖ ನೋಡಿ ಓದಲಿಕ್ಕೆ ಮನಸ್ಸಾಗಲಿಲ್ಲ, ಎಡ್ಡಿ," ಎಂದರು. "ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಎಣಿಸಿದೆ. ನಾನು ತಪ್ಪು ಮಾಡಿದೆ."

"ಈಗ ಓದಿ, ಬಾಯಿ."

ಓದಿದರು. ದನಿಯಲ್ಲಿ ಏರಿಳಿತವಿಲ್ಲದೆ, ಹಿಂದೆ ಕಛೇರಿಯಲ್ಲಿ ಕಾಗದ ಓದುತ್ತಿದ್ದ ಹಾಗೆ.

ಎರಡನೆಯ ಪ್ರಯಾಣದಿಂದ ಮರಳುವಾಗ ಬಾಸ್ತ್ಯಾಂವ್ ಒಳನಾಡಿನಲ್ಲಿ ಹದಿನಾಲ್ಕು ಜನರನ್ನು ಕೊಂಡಿದ್ದ. ಒಂಬತ್ತು ಗಂಡಸರು, ಐವರು ಹೆಂಗಸರು. ದಾರಿಯಲ್ಲಿ ಸಾಮಾನು ಹೊರಲಿಕ್ಕೆ, ಮೊಂಬಾಸಾ ಮುಟ್ಟಿದ ಮೇಲೆ ಮಾರಲಿಕ್ಕೆ. ಪೆಸ ಎಂದರೆ ತುಂಡು, ನಗ; ಆ ಕಾಲದ ವ್ಯಾಪಾರದಲ್ಲಿ ಗುಲಾಮರನ್ನು ಎಣಿಸುತ್ತಿದ್ದ ಶಬ್ದ. ತಾರು ಬಯಲಿನ ಮೇಲೆ ದಂಡು ನಡೆಸಬೇಕಾದರೆ ಸಿಪಾಯಿಯೊಬ್ಬನಿಗೆ ದಿನಕ್ಕೆ ಕನಿಷ್ಠ ಎಷ್ಟು ನೀರು ಬೇಕೆಂದು ಕೋಟೆಯ ಕಪ್ತಾನ ಕೇಳಿದ್ದ. ಊಹೆಯಿಂದ ಉತ್ತರ ಕೊಡುವವನಲ್ಲ ಬಾಸ್ತ್ಯಾಂವ್. ಐವರಿಗೆ ಪೂರ್ತಿ ನೀರು, ಐವರಿಗೆ ಅರ್ಧ, ನಾಲ್ವರಿಗೆ ಏನೂ ಇಲ್ಲ. ಎಲ್ಲರಿಗೂ ಒಂದೇ ತೂಕದ ಹೊರೆ. ಬೆಳಿಗ್ಗೆ ಸಂಜೆ ನಾಡಿ ಹಿಡಿದು ನೋಡಿ ಬರೆದ. ನಾಲಿಗೆ ಯಾವಾಗ ಕಪ್ಪಾಯಿತು, ಮೂತ್ರ ಯಾವಾಗ ನಿಂತಿತು, ಯಾವ ಹೊತ್ತಿಗೆ ಬಿದ್ದದ್ದು ಮತ್ತೆ ಏಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹನ್ನೆರಡನೆಯದು ಮಾತು ನಿಲ್ಲಿಸಿತು ಎಂದು ಬರೆದಿದ್ದ. ಅದು ಹೆಣ್ಣು ಎಂದು ಹಾಳೆಯ ಇನ್ನೊಂದು ಬದಿಯಲ್ಲಿತ್ತು. ಏಳು ಜನ ಸತ್ತರು. ಬಂಡೆಯ ಕುಳಿಗಳ ನೀರು ಅಲ್ಲಿಂದ ಅರ್ಧ ದಿನದ ದಾರಿ. ಅದು ಅವನಿಗೆ ಗೊತ್ತಿತ್ತು, ಹೋಗುವಾಗಲೇ ಗುರುತು ಮಾಡಿಟ್ಟಿದ್ದ. ಅಳತೆ ಕೆಡುತ್ತದೆಂದು ಆ ಕಡೆ ತಿರುಗಲಿಲ್ಲ ಎಂದೂ ಬರೆದಿದ್ದ.

ಎಡ್ಮಂಡ್ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದವರು ಹನ್ನೆರಡನೆಯದು ಎಂಬ ಕಡೆ ನಿಂತರು. ಹನ್ನೆರಡನೆಯವಳು ಎಂದು ತಿದ್ದಿದರು. ಮತ್ತೆ ಅದನ್ನು ಹೊಡೆದು ಮೊದಲಿನಂತೆ ಮಾಡಿದರು. ಅವನು ಬರೆದದ್ದು ಹಾಗೆ. ಅವನ ಪರವಾಗಿ ತಾವು ಮರ್ಯಾದೆ ಸೇರಿಸುವುದು ಸರಿಯಲ್ಲ ಎನ್ನಿಸಿತು. ಬರೆದುಕೊಂಡದ್ದನ್ನು ಮಡಚಿಕೊಂಡು ಎದ್ದು ಬಂದರು. ಮನೆಯಲ್ಲಿ ಬೈಠಕ್ ಖಾನೆಯ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಗಾಜು ಕೆಳಗಾಗಿ ಮಂಚದಡಿ ತಳ್ಳಿದರು.

ರೋಸ್ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಗಂಡ ಕೊಟ್ಟ ಹಾಳೆಯನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

"ಇದು ನಾವು ವಾರ್ಡಿನಲ್ಲಿ ಬರೆಯುವ ಚಾರ್ಟೇ," ಎಂದರು. "ಇಷ್ಟು ಸರಿಯಾಗಿ ಬರೆದವನಿಗೆ ಯಾವ ಹೊತ್ತಿಗೆ ನೀರು ಕೊಟ್ಟರೆ ಬದುಕುತ್ತಾರೆ ಅಂತಲೂ ಗೊತ್ತಿರ್ತದೆ."

ಪುಸ್ತಕದಲ್ಲಿ ಹಾಕಲೋ ಬೇಡವೋ ಎಂದು ಎಡ್ಮಂಡ್ ಕೇಳಿದರು. ರೋಸ್ ಪಾತ್ರೆ ತೊಳೆದು ಮುಗಿಸಿದರು. ಆಮೇಲೆ, ಹಾಕಿ, ಆದರೆ ಹಾಕಿದ ಮೇಲೆ ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಯಾರೂ ಬರುವುದಿಲ್ಲ, ಅದು ತಿಳಿದಿರಲಿ ಎಂದರು.

ಊರ್ಮಿಳಾ ಆ ಅಧ್ಯಾಯವನ್ನು ಟೈಪ್ ಮಾಡಿ ಕಳಿಸಿದರು. ಈ ಸಲ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಡ್ಮಂಡ್ ಹಸ್ತಪ್ರತಿ ಹಿಡಿದು ಮಟಾಟು ವ್ಯಾನು ಹತ್ತಿ ವೆಸ್ಟ್‌ಲ್ಯಾಂಡ್ಸಿಗೆ ಹೋಗಿ ಆಸ್ಟಿನ್ ಎದುರು ಕೂತರು. ಆಸ್ಟಿನ್ ಕೆಟ್ಟ ಮನುಷ್ಯನಲ್ಲ. ಎಡ್ಮಂಡರ ಕಣ್ಣಿನ ಆಪರೇಷನ್ ಆದಾಗ ಕಾರು ಕಳಿಸಿದವರು. ಪೂರ್ತಿ ಓದಿ, ಕನ್ನಡಕ ತೆಗೆದು, ಹಸ್ತಪ್ರತಿಯನ್ನು ಮೇಜಿನ ಮೇಲೆ ಈಚೆಗೆ ಸರಿಸಿದರು.

"ಎಡ್ಮಂಡಣ್ಣ, ನಾವು ಇಲ್ಲಿ ಹೇಗೆ ಬದುಕಿದ್ದೇವೆ ಅಂತ ನಿಮಗೆ ಹೇಳಿಕೊಡಬೇಕಾ? ಎಂತ ಗಲಾಟೆಯಾದರೂ ಮೊದಲು ನಮ್ಮ ಅಂಗಡಿ ಮುಚ್ಚುವುದು. ಇದು ನಾಳೆ ಇಲ್ಲಿಯ ಪೇಪರಿಗೆ ಬಂದರೆ? ಇವರ ಅಜ್ಜ ನಮ್ಮವರನ್ನು ನೀರು ಕೊಡದೆ ಕೊಂದ ಅಂತ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಹೇಳುವುದಿಲ್ಲವಾ?"

"ಕೊಂದದ್ದು ಹೌದಲ್ಲ, ಆಸ್ಟಿನ್."

"ನಾನೂರು ವರ್ಷ ಆಯ್ತು."

"ಅವನ ಭರತದ ಪಟ್ಟಿಗೂ ನಾನೂರು ವರ್ಷ ಆಯ್ತು. ಅದನ್ನು ಹಾಕುತ್ತೇವೆ."

ಆಸ್ಟಿನ್ ಸಮಿತಿಯ ಮುಂದಿಡುತ್ತೇನೆ ಎಂದರು. ಸಮಿತಿ ಎರಡು ಸಲ ಸೇರಿತು. ಅಧ್ಯಾಯ ಬೇಡ, ಪಟ್ಟಿ ಇರಲಿ ಎಂದು ತೀರ್ಮಾನವಾಯಿತು. ಪಟ್ಟಿಯ ಕೆಳಗೆ ಹೊರೆ ಎಂದರೆ ನೀರಿನ ಹೊರೆ ಎಂಬ ಅಡಿಟಿಪ್ಪಣಿ ಬಂತು. ಅದು ಎಡ್ಮಂಡ್ ಮೊದಲು ಬರೆದಿದ್ದ ವಾಕ್ಯವೇ. ತಮ್ಮ ಹೆಸರನ್ನು ತೆಗೆಯಿರಿ ಎಂದು ಅವರು ಪತ್ರ ಕೊಟ್ಟರು. ತೆಗೆದರು. ಲೇಖಕರ ಜಾಗದಲ್ಲಿ ಸಂಘದ ಹೆಸರು ಹಾಕಿದರು.

ಸುವರ್ಣೋತ್ಸವಕ್ಕೆ ಎಡ್ಮಂಡ್ ಹೋಗಲಿಲ್ಲ. ರೋಸ್ ಹೋಗಿ ಬಂದರು, ಯಾಕೆಂದರೆ ಅಡುಗೆಯ ಒಂದು ಭಾಗ ತಿಂಗಳ ಮೊದಲೇ ಅವರ ತಲೆಗೆ ಬಿದ್ದಿತ್ತು. ಸಭಾಂಗಣಕ್ಕೆ ಬಾಸ್ತ್ಯಾಂವನ ಹೆಸರಿನ ಫಲಕ ಹಾಕಿದ್ದರಂತೆ. ಪುಟಾಣಿಗಳ ವೇಷದಲ್ಲಿ ಮೂವರು ಬಾಸ್ತ್ಯಾಂವರಿದ್ದರಂತೆ, ರಟ್ಟಿನ ಬಳೆ ಹಿಡಿದು. ಭಾಷಣದಲ್ಲಿ ಎಡ್ಮಂಡರ ಹೆಸರು ಬರಲಿಲ್ಲ. ಅಧ್ಯಾಯ ಅಚ್ಚಾಗದಿದ್ದರೂ ರೋಸ್ ಹೇಳಿದಂತೆಯೇ ಆಯಿತು; ಆ ಕ್ರಿಸ್ಮಸ್ಸಿಗೆ ಮನೆಗೆ ಹಬ್ಬದ ತಿಂಡಿಯ ಕುಸ್ವಾರಿನ ತಟ್ಟೆ ಬಂದದ್ದು ಓಲಿಂಡಾ ಬಾಯಿಯಿಂದ ಮಾತ್ರ. ಮುಂದಿನ ಲೆಂಟಿನ ಉಪವಾಸದ ದಿನಗಳಲ್ಲಿ ಬಾಯಿ ತೀರಿಹೋದರು. ಎಡ್ಮಂಡ್ ಆ ಸಾವಿಗೆ ಹೋಗಿ ಹೆಗಲು ಕೊಟ್ಟರು. ಆದರೆ ಆ ಹಾಳೆ ಓದಿದ ದಿನದ ಮೇಲೆ ಒಮ್ಮೆಯೂ ಅವರ ಮೇಜಿನ ಮುಂದೆ ಕುಳಿತಿರಲಿಲ್ಲ ಎಂಬುದು ಅವರನ್ನು ಒಳಗೇ ತಿನ್ನುತ್ತಿತ್ತು.

ಇದನ್ನು ಯಾರಿಗಾದರೂ ಹೇಳಲೇಬೇಕು ಎನ್ನುವುದು ಅವರ ತಲೆಯಲ್ಲಿ ಕೂತುಬಿಟ್ಟಿತು. 2016ರ ಜುಲೈಯಲ್ಲಿ ಹಾಳೆಯನ್ನು ಸ್ವಾಹಿಲಿಯಲ್ಲಿ ಬರೆದುಕೊಂಡು ಮತ್ತೆ ತಾರುವಿನ ಬಸ್ಸು ಹತ್ತಿದರು. ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಮೇಕೆ ಮಾರಲು ಬಂದಿದ್ದ ಒಬ್ಬ ಮುದುಕ ಸಿಕ್ಕಿದ. ಇವರಿಗಿಂತ ಹತ್ತು ವರ್ಷ ದೊಡ್ಡವನಿರಬಹುದು. ಇವರು ಓದಿ ಹೇಳಿದ್ದನ್ನು ತಾಳ್ಮೆಯಿಂದ ಕೇಳಿಸಿಕೊಂಡ. ನೀರಿಲ್ಲದೆ ಸತ್ತವರ ಕತೆ ಅವನಿಗೆ ಹೊಸದಾಗಿರಲಿಲ್ಲ. ಎರಡು ವರ್ಷದ ಹಿಂದಿನ ಬರದಲ್ಲಿ ಅವನ ದನಗಳೆಲ್ಲ ಹೋಗಿದ್ದವು.

"ಅವರ ಹೆಸರೇನು?" ಎಂದು ಕೇಳಿದ.

ಹೆಸರು ಬರೆದಿಲ್ಲ, ಸಂಖ್ಯೆ ಮಾತ್ರ ಇದೆ ಎಂದರು ಎಡ್ಮಂಡ್.

"ಯಾವ ಜನ? ಯಾವ ಬೆಟ್ಟದ ಕಡೆಯವರು?"

ಅದನ್ನೂ ಬರೆದಿಲ್ಲ.

ಮುದುಕ ಚಹಾದ ಲೋಟವನ್ನು ಕೆಳಗಿಟ್ಟ. "ಮ್ಜೇ, ಯಜಮಾನ, ಹೆಸರಿಲ್ಲ, ಕುಲ ಇಲ್ಲ. ಸತ್ತವರಿಗೆ ಏನಾದರೂ ಮಾಡೋಣವೆಂದರೆ ಯಾರೆಂದು ಕರೆಯಲಿ? ಇದನ್ನು ನನಗೆ ಹೇಳಿ ನೀನು ಹಗುರಾದೆ. ನಾನು ಇದನ್ನು ತೆಗೆದುಕೊಂಡು ಎಲ್ಲಿಗೆ ಹೋಗಲಿ?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ. ಎಡ್ಮಂಡ್ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಚಹಾದ ದುಡ್ಡನ್ನು ಮುದುಕನೇ ಕೊಟ್ಟ. ಇವರು ಬೇಡವೆಂದರೂ ಕೇಳಲಿಲ್ಲ. ಬಂಡೆಯವರೆಗೆ ಹೋಗಬೇಕೆಂದು ಬಂದವರು ಹೋಗದೆ ನೈರೋಬಿಯ ಬಸ್ಸಿಗೆ ಕೈ ತೋರಿಸಿದರು. ತಮಗೆ ನಾಚಿಕೆಯಾದದ್ದು ಬಾಸ್ತ್ಯಾಂವನಿಗಾಗಿ ಅಲ್ಲ ಎಂಬುದು ಅವರಿಗೆ ದಾರಿಯಲ್ಲಿ ಹೊಳೆಯಿತು. ಮೂರು ವರ್ಷ ಆ ಹದಿನಾಲ್ಕು ಸಾಲುಗಳನ್ನು ದಿನವೂ ನೋಡುತ್ತ, ಅಂದ ಕಂಡು, ಬಣ್ಣ ತುಂಬಿದ್ದರು. ಶಿಲುಬೆಗಳಿಗೆ ಕೆಂಪು ಶಾಯಿ ಆರಿಸಿದ್ದು ತಾವೇ. ಖಾಲಿಯಾದ ಹೊರೆಗೆ ಯಾರು ಶಿಲುಬೆ ಹಾಕುತ್ತಾರೆ? ಕೇಳಿಕೊಂಡಿದ್ದರೆ ಗೊತ್ತಾಗುತ್ತಿತ್ತು.

ಮರುವರ್ಷ ಚುನಾವಣೆಯ ಗಲಾಟೆಯ ಆಗಸ್ಟಿನಲ್ಲಿ, ಒಂದು ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತಿದ್ದಾಗ, ಬಲಗೈಯಿಂದ ರೇಜರು ಜಾರಿಬಿತ್ತು; ಪಾರ್ಶ್ವವಾಯುವಿನ ಆಘಾತ. ರಸ್ತೆಗಳು ಮುಚ್ಚಿದ್ದವು, ಆಸ್ಪತ್ರೆ ಮುಟ್ಟಲು ಐದು ಗಂಟೆ ಹಿಡಿಯಿತು. ಜೀವ ಉಳಿಯಿತು. ಕೈ ಹೋಯಿತು, ಮಾತು ಅರ್ಧ ಮರಳಿತು. ಗೆರೆ ಎಳೆದು ಬದುಕಿದ ಕೈ ಮಡಿಲಲ್ಲಿ ಯಾರದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ರೋಸ್ ಊಟ ಮಾಡಿಸುತ್ತಿದ್ದರು. ನೀರು ಕುಡಿಸುವಾಗ ಮಾತ್ರ ಎಡ್ಮಂಡ್ ಲೋಟವನ್ನು ಎಡಗೈಯಿಂದ ತಾವೇ ಹಿಡಿಯಲು ಹಟ ಮಾಡುವರು. ಅರ್ಧ ಅಂಗಿಯ ಮೇಲೆ ಚೆಲ್ಲುತ್ತಿತ್ತು.

ಬೆಂಗಳೂರಿಗೆ ಮರಳಿದ್ದ ಊರ್ಮಿಳಾ ಮರೆತಿರಲಿಲ್ಲ. 2018ರಲ್ಲಿ ಆ ಅಧ್ಯಾಯವನ್ನು ಎಡ್ಮಂಡರ ಹೆಸರಿನಲ್ಲಿ ಅಲ್ಲಿಯ ಒಂದು ಸಣ್ಣ ಮಾಸಿಕದಲ್ಲಿ ಅಚ್ಚು ಹಾಕಿಸಿದರು. ಮೂವತ್ತೆರಡನೆಯ ಹಾಳೆ ಪೂರ್ತಿ ಇತ್ತು. ಪಟ್ಟಿಯನ್ನು ಮಾತ್ರ ಸ್ಥಳವಿಲ್ಲವೆಂದು ಸಂಪಾದಕರು ಬಿಟ್ಟಿದ್ದರು. ಪ್ರತಿ ಅಂಚೆಯಲ್ಲಿ ಬಂತು. ಎರಡು ತಿಂಗಳ ಮೇಲೆ ಪತ್ರಿಕೆಗೆ ಬಂದಿದ್ದ ಎರಡು ಓದುಗರ ಪತ್ರಗಳನ್ನೂ ಊರ್ಮಿಳಾ ಕಳಿಸಿಕೊಟ್ಟರು. ರೋಸ್ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದಿದರು. ಒಬ್ಬರು ಬಾಸ್ತ್ಯಾಂವ್ ಮತಾಂತರಕ್ಕೆ ಮುಂಚೆ ಯಾವ ಜಾತಿಯವನು ಎಂದು ಕೇಳಿದ್ದರು. ಇನ್ನೊಬ್ಬರು ವಿಜ್ಞಾನದ ಮೇಷ್ಟ್ರು, ಲಕ್ಷ್ಮೀಕಾಂತ ಎಂದು ಹೆಸರು. ದೇಹದ ನೀರಿನ ಕುರಿತು ಅಷ್ಟು ಹಿಂದೆಯೇ ಇಷ್ಟು ಕರಾರುವಾಕ್ಕಾದ ಪ್ರಯೋಗ ನಡೆದಿರುವುದು ನಮ್ಮ ನಾಡಿಗೇ ಹೆಮ್ಮೆ, ಪಟ್ಟಿಯ ಪ್ರತಿ ಕಳಿಸಿದರೆ ಮಕ್ಕಳಿಗೆ ತೋರಿಸುತ್ತೇನೆ ಎಂದು ಬರೆದಿದ್ದರು.

ಎಡ್ಮಂಡ್ ಎರಡನೆಯ ಪತ್ರವನ್ನು ಮತ್ತೊಮ್ಮೆ ಓದಿಸಿದರು. ಆಮೇಲೆ ಬರೆದುಕೊಳ್ಳುವಂತೆ ಸನ್ನೆ ಮಾಡಿದರು. ಒಂದೊಂದು ಶಬ್ದಕ್ಕೂ ನಾಲಿಗೆ ತಿಣುಕುತ್ತಿತ್ತು. ರೋಸ್ ಬರೆದ ಕಾಗದದಲ್ಲಿ ಕೊನೆಗೆ ಇದ್ದದ್ದು ಮೂರೇ ಸಾಲು. ಪಟ್ಟಿ ನನ್ನ ಹತ್ತಿರ ಇದೆ. ಮಕ್ಕಳಿಗೆ ಹಾಳೆಯನ್ನು ಮೊದಲು ಓದಿ ಹೇಳಿ, ಆಮೇಲೆ ಪಟ್ಟಿ ತೋರಿಸುವುದಾದರೆ ಕಳಿಸುತ್ತೇನೆ. ಹಾಗೆ ಮಾಡುವುದಾಗಿ ಒಂದು ಮಾತು ಬರೆದು ತಿಳಿಸಿ.

ಲಕ್ಷ್ಮೀಕಾಂತರಿಂದ ಉತ್ತರ ಬರಲಿಲ್ಲ. ಆ ನವೆಂಬರಿನವರೆಗೂ ಎಡ್ಮಂಡ್ ವಾರಕ್ಕೊಮ್ಮೆ ಅಂಚೆ ಬಂತೇ ಎಂದು ಕೇಳುತ್ತಿದ್ದರು. ಎರಡನೆಯ ಆಘಾತ ಆಗಿ ಮೂರು ದಿನ ಮಾತಿಲ್ಲದೆ ಮಲಗಿ, ಒಂದು ಸೋಮವಾರ ಬೆಳಿಗ್ಗೆ ತೀರಿಕೊಂಡರು. ಲಂಗಾಟಾದ ಸ್ಮಶಾನದಲ್ಲಿ ಮಣ್ಣು ಕೊಡುವಾಗ ಹನ್ನೊಂದು ಜನರಿದ್ದರು. ಆಸ್ಟಿನ್ ಬಂದು ಹಿಂದೆ ನಿಂತಿದ್ದರು. ಎಲ್ಲ ಮುಗಿದ ಮೇಲೆ ಅವರೇ ಮುಂದೆ ಬಂದು ರೋಸ್ ಕೈ ಹಿಡಿದುಕೊಂಡರು. ಮಳೆ ಹನಿಯತೊಡಗಿತ್ತು. ರೋಸ್ ಕೈ ಬಿಡಿಸಿಕೊಂಡು, ಗುಂಡಿ ಮುಚ್ಚುತ್ತಿದ್ದವರಿಗೆ ಹೇಳಬೇಕಾದ ಧನ್ಯವಾದವನ್ನು ಅಸಾಂಟೆ ಎಂದು ಹೇಳಿ, ಟ್ಯಾಕ್ಸಿಯ ಕಡೆ ನಡೆದರು.